ಗಡಿಯಾಚೆಯ ಅಂಕಿ ಸಿಗದಿದ್ದರೆ ನದಿಯ ನಕ್ಷೆಗೆ ಬೆಲೆ ಇದೆಯಾ?

ಹೊಳೆದಂಡೆ:
ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ ಪ್ರಾಜೆಕ್ಟಿಗೆ ಟೈಗ್ರಿಸ್–ಯೂಫ್ರಟಿಸ್ ಜಲಾನಯನ ಆರಿಸಿಕೊಂಡಿದ್ದೇನೆ. ಎರಡೂ ನದಿ ಹುಟ್ಟುವುದು ಟರ್ಕಿಯ ಬೆಟ್ಟಗಳಲ್ಲಿ. ಯೂಫ್ರಟಿಸ್ ಸಿರಿಯಾ ದಾಟಿ, ಟೈಗ್ರಿಸ್ ಸಿರಿಯಾದ ಗಡಿ ಸವರಿ, ಇರಾಕಿನಲ್ಲಿ ಒಂದಾಗಿ ಸಮುದ್ರ ಸೇರುತ್ತವೆ. ಕ್ಯೂಜಿಐಎಸ್‌ನಲ್ಲಿ (ನಕ್ಷೆಯ ಪದರಗಳನ್ನು ಜೋಡಿಸಿ ಲೆಕ್ಕ ಹಾಕುವ ಜಿಐಎಸ್ ಸಾಫ್ಟ್‌ವೇರ್) ಎಸ್‌ಆರ್‌ಟಿಎಂ ಎಂಬ ರಾಡಾರ್ ಸಮೀಕ್ಷೆಯ ಎತ್ತರದ ಡೇಟಾ ಹಾಕಿ ಜಲಾನಯನದ ಗಡಿ ಎಳೆದೆ. ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳಿಂದ ಜಲಾಶಯಗಳ ವಿಸ್ತೀರ್ಣ ತೆಗೆದೆ. ನೀರಾವರಿ ಜಮೀನು ಎಷ್ಟು ಹೆಚ್ಚಿದೆ ಅಂತಲೂ ನೋಡಿದೆ.

ಮೊನ್ನೆ ಪರಿಶೀಲನೆಯಲ್ಲಿ ಒಬ್ಬರು ಕೇಳಿದ್ದು ಒಂದೇ ಪ್ರಶ್ನೆ. "ಮೇಲಿನ ದೇಶ ದಿನಕ್ಕೆ ಎಷ್ಟು ನೀರು ಬಿಟ್ಟಿತು, ಆ ಅಳತೆ ಎಲ್ಲಿದೆ? ಅದಿಲ್ಲದೆ ಇದು ಬಣ್ಣ ತುಂಬಿದ ಚಿತ್ರ ಅಷ್ಟೇ ಅಲ್ವಾ?" ಅಣೆಕಟ್ಟುಗಳ ದಿನದ ಹೊರಹರಿವಿನ ಅಂಕಿ ನನಗೆ ಎಲ್ಲೂ ಸಿಕ್ಕಿಲ್ಲ. ನಿಜ ಹೇಳಿ, ಗಡಿಯಾಚೆಯ ಅಳತೆ ಇಲ್ಲದೆ ಬರೀ ಉಪಗ್ರಹ ಮತ್ತು ಜಿಐಎಸ್ ಇಟ್ಟುಕೊಂಡು ಏನಾದರೂ ಗಟ್ಟಿಯಾಗಿ ಹೇಳಲು ಸಾಧ್ಯವಾ?

ಸುಳಿಗಾಳಿ:
ಸಾಧ್ಯವಿಲ್ಲ. ಮುಂದಿನ ಪ್ರಶ್ನೆ 😀

ಪದರಗಾರ:
ಸುಳಿಗಾಳಿಯವರ ಮಾತು ಬಿಡಿ, ಅವರು ಎಲ್ಲ ಚರ್ಚೆಯಲ್ಲೂ ಹೀಗೇ.

ಗಡಿ ದಾಟುವ ನದಿಗೆ ಜಿಐಎಸ್ ಬಂದದ್ದೇ ನಿಮಗೀಗ ಇರುವ ತೊಂದರೆಯಿಂದ. ಒಂದು ದೇಶದ ನಕ್ಷೆ ಗಡಿಗೆ ಬಂದು ನಿಲ್ಲುತ್ತದೆ, ನದಿ ನಿಲ್ಲುವುದಿಲ್ಲ. 2000ದ ಫೆಬ್ರುವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ರಾಡಾರ್ ಹಿಡಿದು ಸುತ್ತಿತು. ಉತ್ತರಕ್ಕೆ 60 ಡಿಗ್ರಿಯಿಂದ ದಕ್ಷಿಣಕ್ಕೆ 56 ಡಿಗ್ರಿವರೆಗಿನ ನೆಲದ ಎತ್ತರವನ್ನು ಒಂದೇ ಉಪಕರಣದಿಂದ ಅಳೆಯಿತು. ಅದೇ ನಿಮ್ಮ ಎಸ್‌ಆರ್‌ಟಿಎಂ. ಯಾವ ದೇಶದ ಅನುಮತಿಯೂ ಬೇಕಾಗಲಿಲ್ಲ. ಅದೇ ಡೇಟಾದಿಂದ ಹೈಡ್ರೋಶೆಡ್ಸ್ ಎಂಬ ನದಿ ನಕ್ಷೆಗಳ ಸಂಗ್ರಹ ಬಂತು. ನದಿ ಜಾಲ, ಉಪ ಜಲಾನಯನ ಎಲ್ಲ ಸಿದ್ಧವಾಗಿ ಸಿಗುತ್ತದೆ. ನೀವು ಗಡಿ ಎಳೆಯಲು ಕೂರುವ ಅಗತ್ಯವೂ ಇರಲಿಲ್ಲ.

ಕಡತಪ್ರಿಯ:
ಇದಕ್ಕೆ ಸೇರಿದ ಒಂದು ಸಂಗತಿ. ಜಗತ್ತಿನಲ್ಲಿ ಗಡಿ ದಾಟುವ ನದಿ ಜಲಾನಯನಗಳು ಎಷ್ಟು? 1978ರ ವಿಶ್ವಸಂಸ್ಥೆ ಪಟ್ಟಿಯಲ್ಲಿ 214. ಆಮೇಲೆ 263 ಆಯಿತು. 2018ರ ಹೊತ್ತಿಗೆ ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಡೇಟಾಬೇಸಿನಲ್ಲಿ 310. ನದಿಗಳೇನೂ ಹೊಸದಾಗಿ ಹುಟ್ಟಲಿಲ್ಲ. ಸೋವಿಯತ್ ಒಕ್ಕೂಟ, ಯುಗೋಸ್ಲಾವಿಯ ಒಡೆದು ಒಳನಾಡಿನ ನದಿಗಳು ಅಂತರರಾಷ್ಟ್ರೀಯ ಆದವು. ಉಳಿದದ್ದು ಎತ್ತರದ ಡೇಟಾ ಸುಧಾರಿಸಿದ್ದರಿಂದ. ಮೊದಲು ಒಂದೇ ದೇಶದ್ದು ಅಂದುಕೊಂಡಿದ್ದ ಜಲಾನಯನದ ಒಂದು ಮೂಲೆ ಗಡಿಯಾಚೆ ಇದೆ ಅಂತ ನಕ್ಷೆ ತೋರಿಸಿತು. ಅಂದರೆ ಯಾರು ಪಾಲುದಾರರು ಅನ್ನುವುದನ್ನೇ ಜಿಐಎಸ್ ಬದಲಿಸಿದೆ. ಬಣ್ಣದ ಚಿತ್ರ ಅನ್ನುವವರಿಗೆ ಇದನ್ನು ತೋರಿಸಿ.

ಸುಳಿಗಾಳಿ:
214 ಇದ್ದದ್ದು 310 ಆದರೆ ಒಂದು ಬಿಂದಿಗೆ ನೀರು ಜಾಸ್ತಿ ಬಂತಾ?

ಕಡತಪ್ರಿಯ:
ಬರಲಿಲ್ಲ. ಆದರೆ ಮಾತುಕತೆಯ ಮೇಜಿಗೆ ಕೂರಲು ಕುರ್ಚಿ ಬಂತು. ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 6.5.2 ಅಂತ ಒಂದು ಸೂಚಕ ಇದೆ. ಗಡಿ ದಾಟುವ ಜಲಾನಯನದ ಎಷ್ಟು ಪಾಲು ವಿಸ್ತೀರ್ಣಕ್ಕೆ ನಡೆಯುತ್ತಿರುವ ಒಪ್ಪಂದ ಇದೆ ಅಂತ ಪ್ರತಿ ದೇಶ ವರದಿ ಕೊಡಬೇಕು. ವಿಸ್ತೀರ್ಣ ಅಂದಮೇಲೆ ಜಿಐಎಸ್ ಇಲ್ಲದೆ ಅದನ್ನು ಲೆಕ್ಕ ಹಾಕುವುದು ಹೇಗೆ?

ಪಿಕ್ಸೆಲ್:
ವಿಸ್ತೀರ್ಣ ಅಂದಾಗ ನೆನಪಾಯಿತು. ಹೊಳೆದಂಡೆ ಅವರೇ, ಯಾವ ಪ್ರೊಜೆಕ್ಷನ್‌ನಲ್ಲಿ (ದುಂಡಗಿನ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ವಿಧಾನ) ಲೆಕ್ಕ ಮಾಡಿದಿರಿ? ವೆಬ್ ಮರ್ಕೇಟರ್ ಅಂತ ಮಾತ್ರ ಹೇಳಬೇಡಿ. ಅದರಲ್ಲಿ 60 ಡಿಗ್ರಿ ಅಕ್ಷಾಂಶದ ಹತ್ತಿರ ವಿಸ್ತೀರ್ಣ ನಾಲ್ಕು ಪಟ್ಟು ಹಿಗ್ಗುತ್ತದೆ. ನಿಮ್ಮ ನದಿ ಅಷ್ಟು ಉತ್ತರದಲ್ಲಿಲ್ಲ, ಆದರೂ ಹಿಗ್ಗುವುದು ಹಿಗ್ಗುವುದೇ. ಯುಟಿಎಂ ಕೂಡ ಬೇಡ. ಒಂದು ವಲಯ 6 ಡಿಗ್ರಿ ಮಾತ್ರ, ನಿಮ್ಮ ಜಲಾನಯನ ಅದನ್ನು ಮೀರಿ ಹರಡಿದೆ. ಆಲ್ಬರ್ಸ್ ಥರದ ಸಮ ವಿಸ್ತೀರ್ಣದ ಪ್ರೊಜೆಕ್ಷನ್ ಬಳಸಿ.

ಹೊಳೆದಂಡೆ:
ಆಲ್ಬರ್ಸ್‌ನಲ್ಲೇ ಮಾಡಿದ್ದೇನೆ. ಅಲ್ಲಿ ತೊಂದರೆ ಇಲ್ಲ.

ನಡುಗಡ್ಡೆ:
ಪ್ರೊಜೆಕ್ಷನ್ ಬಿಡಿ, ಎತ್ತರದ ಸೊನ್ನೆ ಎಲ್ಲಿಂದ ಶುರು ಅನ್ನುವುದರಲ್ಲೇ ದೇಶಗಳಿಗೆ ಹೊಂದಾಣಿಕೆ ಇಲ್ಲ. ರೈನ್ ನದಿಯ ಮೇಲೆ ಲಾಫೆನ್‌ಬುರ್ಗ್ ಸೇತುವೆ ಕಟ್ಟಿದ ಕಥೆ ಗೊತ್ತಾ? ಒಂದು ದಡ ಜರ್ಮನಿ, ಇನ್ನೊಂದು ಸ್ವಿಟ್ಜರ್ಲೆಂಡ್. ಜರ್ಮನಿ ಎತ್ತರ ಅಳೆಯುವುದು ಆಮ್‌ಸ್ಟರ್‌ಡ್ಯಾಮಿನ ಸಮುದ್ರ ಮಟ್ಟದಿಂದ. ಸ್ವಿಸ್‌ನವರು ಮಾರ್ಸೆಯ ಮೆಡಿಟರೇನಿಯನ್ ಮಟ್ಟದಿಂದ. ನಡುವೆ 27 ಸೆಂ.ಮೀ ವ್ಯತ್ಯಾಸ. ಇದು ಎಂಜಿನಿಯರುಗಳಿಗೆ ಗೊತ್ತಿತ್ತು, ಸರಿಪಡಿಸಲೂ ಹೋದರು. ಆದರೆ ಕೂಡಿಸುವಲ್ಲಿ ಕಳೆದು, 27 ಹೋಗಿ 54 ಆಯಿತು. 2003ರಲ್ಲಿ ಬೆಳಕಿಗೆ ಬಂತು.

ತೂಬು:
ಹ್ಹಾ! ಇದನ್ನು ನಮ್ಮ ಕಾಲದಲ್ಲಿ ಪಾಠ ಮಾಡಿದ್ದರೆ ಒಬ್ಬರೂ ಲೆವೆಲಿಂಗ್ ತರಗತಿ ತಪ್ಪಿಸುತ್ತಿರಲಿಲ್ಲ.

ಪದರಗಾರ:
ನಗುವ ವಿಷಯವೇ. ಆದರೆ ಹೊಳೆದಂಡೆ ಅವರಿಗೆ ಇದರಿಂದ ನೇರ ಪ್ರಯೋಜನ ಇದೆ. ಎಸ್‌ಆರ್‌ಟಿಎಂ ಎತ್ತರ ಇಜಿಎಂ96 ಎಂಬ ಸೊನ್ನೆ ಮಟ್ಟದ ಆಧಾರದ್ದು. ಕೋಪರ್ನಿಕಸ್ ಡಿಇಎಂ (ಡಿಇಎಂ ಅಂದರೆ ನೆಲದ ಎತ್ತರದ ಡಿಜಿಟಲ್ ನಕ್ಷೆ) ಇಜಿಎಂ2008 ಆಧಾರದ್ದು. ಉಪಗ್ರಹದ ನೀರಿನ ಮಟ್ಟದ ಡೇಟಾ ಇಳಿಸಿದರೆ ಅದರ ಆಧಾರ ಮತ್ತೊಂದಿರಬಹುದು. ಮೂರನ್ನೂ ಹಾಗೇ ಕೂಡಿಸಿದರೆ ನಿಮ್ಮದೂ ಲಾಫೆನ್‌ಬುರ್ಗ್ ಸೇತುವೆ ಆಗುತ್ತದೆ.

ಒರತೆ:
ಎಲ್ಲರೂ ಮೇಲೆ ಹರಿಯುವ ನೀರಿನ ಬಗ್ಗೆಯೇ ಮಾತಾಡುತ್ತಿದ್ದೀರಿ. ನೆಲದ ಕೆಳಗಿನದು ಯಾರಿಗೂ ನೆನಪಾಗುವುದಿಲ್ಲ, ಯಾವಾಗಲೂ ಹೀಗೇ. ಐಗ್ರಾಕ್ ಎಂಬ ಅಂತರರಾಷ್ಟ್ರೀಯ ಅಂತರ್ಜಲ ಕೇಂದ್ರದ 2021ರ ನಕ್ಷೆಯಲ್ಲಿ ಗಡಿ ದಾಟುವ 468 ಜಲಧರಗಳಿವೆ (ನೀರು ಹಿಡಿದಿಟ್ಟುಕೊಂಡ ನೆಲದಡಿಯ ಪದರಗಳು). ನದಿ ಜಲಾನಯನಗಳಿಗಿಂತ ಜಾಸ್ತಿ! ಒಪ್ಪಂದ ಇರುವುದು ಮಾತ್ರ ಬೆರಳೆಣಿಕೆಯಷ್ಟಕ್ಕೆ. ಫ್ರಾನ್ಸ್–ಸ್ವಿಟ್ಜರ್ಲೆಂಡ್ ನಡುವೆ ಜಿನೀವಾ ಜಲಧರಕ್ಕೆ 1978ರಿಂದ ಇದೆ. ಬ್ರೆಜಿಲ್, ಅರ್ಜೆಂಟೀನ, ಪರಾಗ್ವೆ, ಉರುಗ್ವೆ ಸೇರಿ ಗ್ವಾರಾನಿ ಜಲಧರಕ್ಕೆ 2010ರಲ್ಲಿ ಸಹಿ ಹಾಕಿದವು.

ಇನ್ನೊಂದು ಮಾತು. ಡಿಇಎಂ ಎಳೆದುಕೊಟ್ಟ ಜಲಾನಯನದ ಗೆರೆಯನ್ನು ಕಣ್ಣುಮುಚ್ಚಿ ನಂಬಬೇಡಿ. ಸುಣ್ಣಕಲ್ಲಿನ ನಾಡಿನಲ್ಲಿ ಅಂತರ್ಜಲ ಆ ಗೆರೆಗೆ ಮರ್ಯಾದೆ ಕೊಡುವುದಿಲ್ಲ. ಡ್ಯಾನ್ಯೂಬ್ ನದಿಯನ್ನೇ ನೋಡಿ. ಜರ್ಮನಿಯ ಇಮೆಂಡಿಂಗನ್ ಹತ್ತಿರ ಅದರ ನೀರು ತಳದ ಬಿರುಕುಗಳಲ್ಲಿ ಇಂಗಿಹೋಗುತ್ತದೆ. ಬೇಸಿಗೆಯಲ್ಲಿ ಎಷ್ಟೋ ದಿನ ನದಿಯ ಪಾತ್ರ ಪೂರ್ತಿ ಒಣಗಿರುತ್ತದೆ. ಇಂಗಿದ ನೀರು ಸುಮಾರು 12 ಕಿ.ಮೀ ಆಚೆ ಆಖ್ ಎಂಬ ಊಟೆಯಲ್ಲಿ ಏಳುತ್ತದೆ. ಅಲ್ಲಿಂದ ಕಾನ್‌ಸ್ಟನ್ಸ್ ಸರೋವರ, ಮುಂದೆ ರೈನ್. ಕಪ್ಪು ಸಮುದ್ರಕ್ಕೆ ಹೋಗಬೇಕಾದ ನೀರು ಉತ್ತರ ಸಮುದ್ರಕ್ಕೆ ಹೋಗುತ್ತದೆ! 1877ರಲ್ಲಿ ಉಪ್ಪು, ಬಣ್ಣ, ಎಣ್ಣೆ ಸುರಿದು ಇದನ್ನು ಸಾಬೀತು ಮಾಡಿದರು. 1927ರಲ್ಲಿ ಜರ್ಮನಿಯ ರಾಜ್ಯಗಳೇ ಈ ನೀರಿಗಾಗಿ ಕೋರ್ಟಿಗೆ ಹೋಗಿದ್ದವು. ಯಾವ ಡಿಇಎಂನಿಂದಲೂ ಈ ಹರಿವು ಹೊರಡುವುದಿಲ್ಲ.

ಪಿಕ್ಸೆಲ್:
ಒರತೆ ಮೇಡಂ, ಅದಕ್ಕೇ ಗ್ರೇಸ್ ಉಪಗ್ರಹ ಇರುವುದು. ನೆಲದ ಕೆಳಗೂ ನೋಡಬಹುದು.

ಒರತೆ:
ನೋಡುವುದಿಲ್ಲ, ತೂಗುತ್ತದೆ. ಎರಡಕ್ಕೂ ವ್ಯತ್ಯಾಸ ಇದೆ.

ಹೊಳೆದಂಡೆ:
ಗ್ರೇಸ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ತೀರಾ? ನನ್ನ ಜಲಾನಯನದ ಬಗ್ಗೆ ಒಂದು ಪ್ರಸಿದ್ಧ ಪ್ರಬಂಧ ಇದೆ. ಅದನ್ನು ಹೇಗೆ ಬಳಸಬೇಕು ಅನ್ನುವುದು ಗೊತ್ತಾಗುತ್ತಿಲ್ಲ.

ಒರತೆ:
2002ರಲ್ಲಿ ಹಾರಿಸಿದ ಜೋಡಿ ಉಪಗ್ರಹ. ಒಂದರ ಹಿಂದೆ ಒಂದು, ಸುಮಾರು 220 ಕಿ.ಮೀ ಅಂತರದಲ್ಲಿ ಹೋಗುತ್ತಿದ್ದವು. ಕೆಳಗೆ ತೂಕ ಜಾಸ್ತಿ ಇದ್ದಲ್ಲಿ ಮುಂದಿನದನ್ನು ಭೂಮಿ ತುಸು ಎಳೆಯುತ್ತದೆ, ಅಂತರ ಬದಲಾಗುತ್ತದೆ. ಕೂದಲೆಳೆಗಿಂತ ಸಣ್ಣದಾದ ಆ ಬದಲಾವಣೆಯನ್ನು ಅಳೆದು, ತಿಂಗಳಿಂದ ತಿಂಗಳಿಗೆ ಎಷ್ಟು ನೀರು ಏರಿತು ಇಳಿಯಿತು ಅಂತ ಲೆಕ್ಕ ಹಾಕುತ್ತಾರೆ. 2017ಕ್ಕೆ ಅದು ಮುಗಿಯಿತು. 2018ರಿಂದ ಗ್ರೇಸ್–ಎಫ್‌ಒ ಇದೆ.

ನೀವು ಹೇಳುವ ಪ್ರಬಂಧ 2013ರದ್ದಿರಬೇಕು. ಟೈಗ್ರಿಸ್–ಯೂಫ್ರಟಿಸ್ ಮತ್ತು ಪಶ್ಚಿಮ ಇರಾನ್ ಸೇರಿ 2003ರಿಂದ 2009ರ ನಡುವೆ 144 ಘನ ಕಿ.ಮೀ ನೀರು ಹೋಯಿತು, ಅದರಲ್ಲಿ ಸುಮಾರು 60 ಶೇಕಡ ಅಂತರ್ಜಲ ಅಂತ. ಬಹಳ ಮುಖ್ಯ ಕೆಲಸ. ಆದರೆ ಗ್ರೇಸ್‌ನ ಕಣ್ಣು ಒರಟು. ನೂರಾರು ಕಿ.ಮೀ ಅಗಲದ ಪ್ರದೇಶಕ್ಕೆ ಒಂದು ಅಂಕಿ ಕೊಡುತ್ತದೆ. ಆ 144ರಲ್ಲಿ ಟರ್ಕಿ ಎಷ್ಟು, ಇರಾಕ್ ಎಷ್ಟು ಅಂತ ಗಡಿ ಗೆರೆ ಹಿಡಿದು ಕತ್ತರಿಸಲು ಹೋಗಬೇಡಿ. ಇದೇ ಚಟ ಎಷ್ಟೋ ವಿದ್ಯಾರ್ಥಿ ವರದಿಗಳಲ್ಲಿ ನೋಡಿದ್ದೇನೆ. ದೇಶದ ಶೇಪ್‌ಫೈಲ್ (ಗಡಿ ಗೆರೆಯ ಕಡತ) ಹಾಕಿ ಕ್ಲಿಪ್ ಮಾಡಿಬಿಡುತ್ತಾರೆ, ದಶಮಾಂಶ ಎರಡು ಸ್ಥಾನದವರೆಗೆ ಅಂಕಿಯೂ ಬರುತ್ತದೆ. ಸಾಫ್ಟ್‌ವೇರ್ ಬೇಡ ಅನ್ನುವುದಿಲ್ಲವಲ್ಲ.

ಸುಳಿಗಾಳಿ:
ನಾನು ಮೊದಲ ಸಾಲಿನಲ್ಲಿ ಹೇಳಿದ್ದನ್ನೇ ಎಲ್ಲರೂ ಪುಟಗಟ್ಟಲೆ ಹೇಳುತ್ತಿದ್ದೀರಿ 😀

ಪಿಕ್ಸೆಲ್:
ಇಲ್ಲ ಗುರುಗಳೇ. "ಒಂದು ಉಪಕರಣದಿಂದ ಎಲ್ಲ ಆಗುವುದಿಲ್ಲ" ಬೇರೆ. "ಏನೂ ಆಗುವುದಿಲ್ಲ" ಬೇರೆ.

ಪಾರೆಚು ಪ್ರಕರಣ ನೋಡಿ. 2004ರಲ್ಲಿ ಟಿಬೆಟ್‌ನಲ್ಲಿ ಗುಡ್ಡ ಜರಿದು ಪಾರೆಚು ನದಿ ಕಟ್ಟಿಕೊಂಡಿತು. ಹಿಂದೆ ದೊಡ್ಡ ಕೆರೆಯೇ ನಿಂತಿತು. ಆ ನದಿ ಮುಂದೆ ಸ್ಪಿತಿ ಮೂಲಕ ಸಟ್ಲೆಜ್ ಸೇರುತ್ತದೆ. ಭಾರತದ ಕಡೆಯಿಂದ ಹೋಗಿ ನೋಡುವ ಹಾಗಿರಲಿಲ್ಲ. ಉಪಗ್ರಹ ಚಿತ್ರದಲ್ಲೇ ಕೆರೆಯ ವಿಸ್ತೀರ್ಣ ಅಳೆಯುತ್ತಾ ಕೂತರು. 2005ರ ಜೂನ್ 26ರಂದು ಅದು ಒಡೆದಾಗ ಹಿಮಾಚಲದಲ್ಲಿ ರಸ್ತೆ, ಸೇತುವೆ ಕೊಚ್ಚಿಹೋದವು. ಆದರೆ ಜನರನ್ನು ಎಚ್ಚರಿಸಲು ಆಯಿತು. ಅಲ್ಲಿ ಯಾವ ದೇಶದ ಮಾಪನ ಕೇಂದ್ರದ ಅಂಕಿ ಬೇಕಾಯಿತು ಹೇಳಿ?

ತೂಬು:
ಅದು ಅಪಾಯದ ಮುನ್ಸೂಚನೆ ಪಿಕ್ಸೆಲ್. ಕೆರೆ ದೊಡ್ಡದಾಗುತ್ತಿದೆಯೋ ಇಲ್ಲವೋ ಅಷ್ಟು ಗೊತ್ತಾದರೆ ಸಾಕು. ಹೊಳೆದಂಡೆ ಅವರ ಪ್ರಶ್ನೆ ಬೇರೆ. ಯಾರು ಎಷ್ಟು ತೆಗೆದುಕೊಂಡರು ಅನ್ನುವುದು. ಅಲ್ಲಿ ಒಂದು ಕ್ಯೂಸೆಕ್‌ಗೂ ಜಗಳ ಬರುತ್ತದೆ. ಒಳಹರಿವು, ಹೊರಹರಿವು, ಆವಿ, ಇಂಗು, ಸಂಗ್ರಹ. ಈ ಐದರಲ್ಲಿ ಆಕಾಶದಿಂದ ಚೆನ್ನಾಗಿ ಕಾಣುವುದು ಸಂಗ್ರಹ ಒಂದೇ. ಆವಿ ಅಂದಾಜಿಗೆ ಸಿಗುತ್ತದೆ. ಹರಿವು ನದಿಯಲ್ಲಿ ಇಳಿದು ಅಳೆಯಬೇಕಾದ್ದು.

ಪಿಕ್ಸೆಲ್:
ಈಗ ಸ್ವಾಟ್ ಉಪಗ್ರಹ ಇದೆಯಲ್ಲ ಸಾರ್. 2022ರ ಡಿಸೆಂಬರಿನಲ್ಲಿ ನಾಸಾ ಮತ್ತು ಫ್ರಾನ್ಸಿನ ಸಿಎನ್‌ಇಎಸ್ ಸೇರಿ ಹಾರಿಸಿದ್ದು. 100 ಮೀಟರಿಗಿಂತ ಅಗಲ ಇರುವ ನದಿಗಳ ಮಟ್ಟ, ಅಗಲ, ಇಳಿಜಾರು ಮೂರನ್ನೂ ಕೊಡುತ್ತದೆ. ಅದರಿಂದ ಹರಿವನ್ನೂ ಅಂದಾಜು ಮಾಡಬಹುದು.

ತೂಬು:
ತಳದ ಆಳ ಕಾಣುತ್ತದಾ?

ಪಿಕ್ಸೆಲ್:
ಇಲ್ಲ.

ತೂಬು:
ಹಾಗಾದರೆ ಅಂದಾಜು ಅನ್ನುವ ಪದವನ್ನು ದಪ್ಪಕ್ಷರದಲ್ಲಿ ಬರೆಯಿರಿ. ಅದಲ್ಲದೆ ಅದರ ಚಕ್ರ 21 ದಿನದ್ದು. ವಿದ್ಯುತ್ತಿಗಾಗಿ ನೀರು ಬಿಡುವ ಅಣೆಕಟ್ಟು ಬೆಳಗ್ಗೆ ಒಂದು, ಸಂಜೆ ಒಂದು ಬಿಡುತ್ತದೆ. ನಡುವಿನದ್ದು ಯಾರು ನೋಡಿದರು?

ನಡುಗಡ್ಡೆ:
ನಕ್ಷೆಯನ್ನು ಜಾಸ್ತಿ ನಂಬಿದರೆ ಏನಾಗುತ್ತದೆ ಅನ್ನುವುದಕ್ಕೆ ಸಾನ್ ಹುವಾನ್ ನದಿ ಇದೆ. ಕೋಸ್ಟರಿಕ ಮತ್ತು ನಿಕರಾಗುವಾ ನಡುವಿನ ಗಡಿ. 2010ರಲ್ಲಿ ನಿಕರಾಗುವಾದವರು ಹೂಳೆತ್ತುತ್ತಾ ಕೋಸ್ಟರಿಕದವರು ತಮ್ಮದು ಅನ್ನುವ ಜಾಗಕ್ಕೆ ಬಂದರು. ಕೇಳಿದರೆ ಹೂಳೆತ್ತುವ ಕೆಲಸದ ಮುಖ್ಯಸ್ಥ ಗೂಗಲ್ ಮ್ಯಾಪ್ಸ್ ಕಡೆ ಬೆರಳು ತೋರಿಸಿದ! ಗೂಗಲ್‌ನವರು ನೋಡಿದರೆ ಗಡಿ ಗೆರೆ ನಿಜವಾಗಿಯೂ ತಪ್ಪು, ಕೆಲವೆಡೆ 2.7 ಕಿ.ಮೀ.ವರೆಗೆ. ತಿದ್ದಿದರು. ಪ್ರಕರಣ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿ 2015ರಲ್ಲಿ ಆ ಜಾಗ ಕೋಸ್ಟರಿಕದ್ದೇ ಅಂತ ತೀರ್ಪಾಯಿತು.

ಕಡತಪ್ರಿಯ:
ಅರ್ಧ ಕಥೆ ಹೇಳಿದಿರಿ. ಅದೇ ಪ್ರಕರಣದಲ್ಲಿ ಉಪಗ್ರಹ ಚಿತ್ರಗಳೇ ಸಾಕ್ಷಿಯಾಗಿಯೂ ಬಂದವು. ಹೊಸ ಕಾಲುವೆ ತೋಡಿದ್ದನ್ನು ಚಿತ್ರಗಳು ತೋರಿಸಿದವು. ನಕ್ಷೆ ತಪ್ಪು ಮಾಡಿದ್ದು ಗಡಿ ಗೆರೆಯಲ್ಲಿ. ಗಡಿ ಅನ್ನುವುದು ಮನುಷ್ಯರು ಎಳೆಯುವ ಗೆರೆ. ನೆಲದ ಮೇಲೆ ಕಾಣುವ ಕಾಲುವೆಯ ವಿಷಯದಲ್ಲಿ ಚಿತ್ರ ಸುಳ್ಳು ಹೇಳಲಿಲ್ಲ. ಬೋಟ್ಸ್ವಾನ–ನಮೀಬಿಯ ನಡುವಿನ ಕಸಿಕಿಲಿ ದ್ವೀಪದ ಪ್ರಕರಣದಲ್ಲೂ (1999) ನದಿಯ ಮುಖ್ಯ ಕವಲು ಯಾವುದು ಅನ್ನುವ ವಾದಕ್ಕೆ ವಿಮಾನದಿಂದ ತೆಗೆದ ಹಳೆಯ ಚಿತ್ರಗಳನ್ನು ನೋಡಿದ್ದರು.

ಮಳೆಬಿಲ್ಲು:
ಚಾಡ್ ಸರೋವರ 90 ಶೇಕಡ ಬತ್ತಿಹೋಗಿದೆ ಅಂತ ಎರಡು ಉಪಗ್ರಹ ಚಿತ್ರ ಪಕ್ಕಪಕ್ಕ ಇಟ್ಟು ವಾಟ್ಸಾಪಿನಲ್ಲಿ ಬರುತ್ತದಲ್ಲ, ಅದು ನಿಜವಾ? ಎಳೆ ತಪ್ಪಿಸಿದ್ದಕ್ಕೆ ಕ್ಷಮಿಸಿ.

ಪಿಕ್ಸೆಲ್:
ಎಳೆ ತಪ್ಪಿಲ್ಲ, ಒಳ್ಳೆಯ ಪ್ರಶ್ನೆ. ಚಾಡ್, ನೈಜರ್, ನೈಜೀರಿಯ, ಕ್ಯಾಮೆರೂನ್ ನಾಲ್ಕರ ನಡುವಿನ ಸರೋವರ. 1960ರ ದಶಕದಲ್ಲಿ ಸುಮಾರು 25,000 ಚದರ ಕಿ.ಮೀ ಇತ್ತು. 70, 80ರ ದಶಕದ ಬರಗಾಲದಲ್ಲಿ ಭಾರೀ ಕುಗ್ಗಿದ್ದು ನಿಜ. ಆಮೇಲೆ ಸ್ವಲ್ಪ ಚೇತರಿಸಿಕೊಂಡಿತು. ಆ ಜೋಡಿ ಚಿತ್ರ ಇದನ್ನು ಹೇಳುವುದಿಲ್ಲ. ಇನ್ನೊಂದು, ಅಲ್ಲಿ ನೀರಿನ ಬಹುಪಾಲು ಜೊಂಡು, ಗಿಡಗಳ ಕೆಳಗೆ ಇರುತ್ತದೆ. ಸಾಮಾನ್ಯ ಕ್ಯಾಮೆರಾ ಉಪಗ್ರಹಕ್ಕೆ ಅದು ಹಸಿರಾಗಿ ಕಾಣುತ್ತದೆ, "ನೀರಿಲ್ಲ" ಅಂತ ಲೆಕ್ಕ ಬರುತ್ತದೆ. ರಾಡಾರ್ ಬಳಸಿದರೆ ಚಿತ್ರ ಬೇರೆ.

ಮಧ್ಯ ಏಷ್ಯಾದ ಅರಾಲ್ ಸಮುದ್ರ ಹಾಗಲ್ಲ, ಅದು ನಿಜವಾಗಿಯೂ ಹೋಯಿತು. 1960ರಲ್ಲಿ ಸುಮಾರು 68,000 ಚದರ ಕಿ.ಮೀ ಇದ್ದದ್ದು ಚೂರು ಚೂರಾಯಿತು. ಅದಕ್ಕೆ ನೀರು ತರುತ್ತಿದ್ದ ಅಮು ದರ್ಯಾ, ಸಿರ್ ದರ್ಯಾ ನದಿಗಳೆರಡನ್ನೂ ಹತ್ತಿ ಹೊಲಗಳಿಗೆ ತಿರುಗಿಸಿದರು. 2005ರಲ್ಲಿ ಕಜಾಕ್‌ಸ್ತಾನ ಕೊಕ್–ಅರಾಲ್ ಒಡ್ಡು ಕಟ್ಟಿದ ಮೇಲೆ ಉತ್ತರದ ತುಂಡು ಮಾತ್ರ ಬದುಕಿತು. ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ವರ್ಷವಾರು ಜೋಡಿಸಿದರೆ ಆ ಒಡ್ಡಿನ ಪರಿಣಾಮ ಕಣ್ಣಿಗೇ ಕಾಣುತ್ತದೆ.

ಸುಳಿಗಾಳಿ:
ಸರಿ, ಈಗ ಗಂಭೀರವಾಗಿಯೇ ಬರೆಯುತ್ತೇನೆ. ನನ್ನ ತಕರಾರು ಉಪಗ್ರಹದ ಮೇಲಲ್ಲ. ಅದನ್ನು ನ್ಯಾಯಾಧೀಶನನ್ನಾಗಿ ಕೂರಿಸುವುದರ ಮೇಲೆ. ಮೆಕಾಂಗ್ ಗಲಾಟೆ ನೆನಪಿದೆಯಾ? 2019ರಲ್ಲಿ ಕೆಳಗಿನ ಮೆಕಾಂಗ್‌ನಲ್ಲಿ ನೀರು ದಾಖಲೆ ಮಟ್ಟಕ್ಕೆ ಇಳಿಯಿತು. 2020ರ ಏಪ್ರಿಲ್‌ನಲ್ಲಿ ಐಸ್ ಆನ್ ಅರ್ಥ್ (Eyes on Earth) ಅನ್ನುವ ಸಂಸ್ಥೆಯವರು ಒಂದು ವರದಿ ಬಿಟ್ಟರು. ಉಪಗ್ರಹದಿಂದ ನೆಲದ ತೇವ ಅಳೆದು, ಮೇಲಿನ ಚೀನಾ ಭಾಗದಲ್ಲಿ ನೀರು ಚೆನ್ನಾಗಿಯೇ ಇತ್ತು, ಅಣೆಕಟ್ಟುಗಳಲ್ಲಿ ಹಿಡಿದಿಟ್ಟರು ಅಂತ. ಚೀನಾ ಒಪ್ಪಲಿಲ್ಲ, ಯುನಾನ್‌ನಲ್ಲೂ ಬರ ಇತ್ತು ಅಂದಿತು. ಕೆಳಗಿನ ದೇಶಗಳ ಮೆಕಾಂಗ್ ನದಿ ಆಯೋಗವೂ ಇನ್ನಷ್ಟು ಪುರಾವೆ ಬೇಕು ಅಂತ ಎಚ್ಚರಿಕೆಯಿಂದಲೇ ಮಾತಾಡಿತು. ಪತ್ರಿಕೆಗಳಲ್ಲಿ ಮಾತ್ರ ಅಷ್ಟರಲ್ಲಿ ತೀರ್ಪು ಬಂದಾಗಿತ್ತು. ಇದೇ ನನ್ನ ಭಯ. ತೇವದ ಸೂಚ್ಯಂಕ, ಒಂದು ಸಮೀಕರಣ, ಅದರ ಮೇಲೆ ಒಂದು ದೇಶ ಅಪರಾಧಿ.

ಕಡತಪ್ರಿಯ:
ಈಗ ನಿಮ್ಮ ಮಾತಿನಲ್ಲಿ ತಿರುಳಿದೆ. ಆದರೆ ಎರಡು ವಿಷಯ ಬಿಟ್ಟಿರಿ. ಆ ಲೆಕ್ಕ ಬರೀ ಉಪಗ್ರಹದ್ದಲ್ಲ. ಗಡಿಯ ಕೆಳಗೆ ಥಾಯ್ಲೆಂಡಿನ ಚಿಯಾಂಗ್ ಸೇನ್ ಮಾಪನ ಕೇಂದ್ರದ ನದಿ ಮಟ್ಟವನ್ನೂ ಸೇರಿಸಿದ್ದರು. ದೊಡ್ಡ ಅಣೆಕಟ್ಟುಗಳು ಬರುವ ಮೊದಲು ತೇವಕ್ಕೂ ಮಟ್ಟಕ್ಕೂ ಇದ್ದ ಸಂಬಂಧ ಹಿಡಿದು, ಆಮೇಲಿನದ್ದರ ಜೊತೆ ಹೋಲಿಸಿದರು.

ಇನ್ನೊಂದು, ಮುಂದೆ ಆದದ್ದು. ಅಲ್ಲಿಯವರೆಗೆ ಚೀನಾ ಮಳೆಗಾಲದ ಅಂಕಿ ಮಾತ್ರ ಆಯೋಗಕ್ಕೆ ಕೊಡುತ್ತಿತ್ತು. 2020ರಲ್ಲೇ ವರ್ಷಪೂರ್ತಿ ಕೊಡಲು ಒಪ್ಪಿತು. ಅದೇ ಡಿಸೆಂಬರಿನಲ್ಲಿ ಅಮೆರಿಕದ ಸ್ಟಿಮ್ಸನ್ ಸೆಂಟರ್ ಎಂಬ ಸಂಶೋಧನಾ ಸಂಸ್ಥೆಯವರು ಮೆಕಾಂಗ್ ಅಣೆಕಟ್ಟುಗಳನ್ನು ಉಪಗ್ರಹದಿಂದ ನೋಡುವ ಮಾನಿಟರ್ ಶುರು ಮಾಡಿದರು. ವರದಿ ಪೂರ್ತಿ ಸರಿ ಇತ್ತು ಅಂತ ನಾನು ಹೇಳುತ್ತಿಲ್ಲ. ಆದರೆ ಹೊರಗಿನವರು ಅಂದಾಜು ಮಾಡತೊಡಗಿದರೆ, ಅಂಕಿ ಬಚ್ಚಿಟ್ಟುಕೊಂಡವರಿಗೆ ಬಚ್ಚಿಡುವುದರಿಂದ ಲಾಭ ಕಡಿಮೆ ಆಗುತ್ತದೆ. ಇದಕ್ಕಿಂತ ದೊಡ್ಡ ಉಪಯೋಗ ಬೇಕಾ?

ಸುಳಿಗಾಳಿ:
ಒಪ್ಪಿದ್ದು ವರದಿಯಿಂದಲೇ ಅಂತ ಹೇಗೆ ಹೇಳ್ತೀರಿ? ಮಾತುಕತೆ ಮೊದಲಿನಿಂದಲೂ ನಡೆದಿತ್ತು.

ಕಡತಪ್ರಿಯ:
ಅದರಿಂದಲೇ ಅಂತ ನಾನೂ ಹೇಳಲಿಲ್ಲ. ಒತ್ತಡಕ್ಕೆ ಅದೂ ಒಂದು ಕೈ ಸೇರಿಸಿತು, ಅಷ್ಟೇ.

ಪದರಗಾರ:
ಮೆಕಾಂಗ್ ಅಂದಮೇಲೆ ನನ್ನ ನೆಚ್ಚಿನ ತಲೆನೋವು ಹೇಳಲೇಬೇಕು. ಟೋನ್ಲೆ ಸಾಪ್. ಕಾಂಬೋಡಿಯದ ಈ ನದಿ ಮಳೆಗಾಲದಲ್ಲಿ ಹಿಮ್ಮುಖವಾಗಿ ಹರಿಯುತ್ತದೆ. ಮೆಕಾಂಗ್ ಉಕ್ಕಿದಾಗ ನೀರು ಮೇಲಕ್ಕೆ, ಸರೋವರಕ್ಕೆ ನುಗ್ಗುತ್ತದೆ. ಬೇಸಿಗೆಯಲ್ಲಿ ವಾಪಸ್. ಜಿಐಎಸ್‌ನ ಡಿ8 ವಿಧಾನ ಪ್ರತಿ ಚೌಕಕ್ಕೆ ಒಂದೇ ದಿಕ್ಕು ಕೊಡುತ್ತದೆ, ಅದೂ ಕೆಳಕ್ಕೆ ಮಾತ್ರ. ವರ್ಷಕ್ಕೆ ಎರಡು ದಿಕ್ಕು ಹರಿಯುವ ನದಿಯನ್ನು ಅದರಲ್ಲಿ ಹೇಗೆ ಕೂರಿಸುತ್ತೀರಿ? ಸಪಾಟು ಬಯಲು, ಮುಖಜ ಭೂಮಿ, ಕಾಲುವೆ ಎಲ್ಲ ಕಡೆ ಇದೇ ಗೋಳು. ಇರಾಕಿನ ದಕ್ಷಿಣ ಭಾಗ ಬಹುತೇಕ ಸಪಾಟು. ಹೊಳೆದಂಡೆ ಅವರೇ, ಅಲ್ಲಿ ನಿಮ್ಮ ನದಿ ಜಾಲ ಆಡಳಿತ ಕಚೇರಿಯ ಸ್ಕೇಲ್ ಹಿಡಿದು ಎಳೆದ ಹಾಗೆ ನೆಟ್ಟಗೆ ಓಡಿದ್ದರೆ ಅದು ನದಿ ಅಲ್ಲ, ಸಾಫ್ಟ್‌ವೇರಿನ ಕೈಚಳಕ.

ಹೊಳೆದಂಡೆ:
ಹೌದು, ಬಸ್ರಾ ಹತ್ತಿರ ಸಮಾನಾಂತರ ಗೆರೆಗಳು ಬಂದಿವೆ! ಯಾಕೆ ಅಂತ ಈಗ ಗೊತ್ತಾಯಿತು. ಅಲ್ಲಿ ಹೈಡ್ರೋಶೆಡ್ಸ್ ಗೆರೆ ಬಳಸುತ್ತೇನೆ.

ಒರತೆ:
ಹೈಡ್ರೋಶೆಡ್ಸ್ ಅಲ್ಲೂ ಅಮೃತ ಅಲ್ಲ. ಚಿತ್ರದ ಮೇಲೆ ಇಟ್ಟು ಕಣ್ಣಾರೆ ನೋಡಿ.

ಅದೇ ದಕ್ಷಿಣ ಇರಾಕಿನ ಜೌಗು ಪ್ರದೇಶದ ಇನ್ನೊಂದು ಪಾಠ ಇದೆ. 2001ರಲ್ಲಿ ವಿಶ್ವಸಂಸ್ಥೆಯ ಪರಿಸರ ಸಂಸ್ಥೆ ಯುಎನ್‌ಇಪಿ ಲ್ಯಾಂಡ್‌ಸ್ಯಾಟ್ ಚಿತ್ರ ಇಟ್ಟು, ಮೆಸಪೊಟೇಮಿಯದ ಜೌಗು ಸುಮಾರು 90 ಶೇಕಡ ಹೋಗಿದೆ ಅಂತ ತೋರಿಸಿತು. ಜಗತ್ತು ಬೆಚ್ಚಿತು. ಆದರೆ ಯಾಕೆ ಹೋಯಿತು? ಮೇಲಿನ ದೇಶಗಳ ಅಣೆಕಟ್ಟೂ ಕಾರಣ. ಸದ್ದಾಂ ಸರ್ಕಾರ ಕಾಲುವೆ ತೋಡಿ ಬೇಕೆಂದೇ ಬತ್ತಿಸಿದ್ದು ಇನ್ನೂ ದೊಡ್ಡ ಕಾರಣ. 2003ರ ನಂತರ ಒಡ್ಡುಗಳನ್ನು ಒಡೆದಾಗ ನೀರು ಮತ್ತೆ ಹರಡಿತು. ಬತ್ತಿದ್ದನ್ನು ಚಿತ್ರ ತೋರಿಸಿತು. ಬತ್ತಿಸಿದವರು ಯಾರು ಅನ್ನುವುದನ್ನು ಇತಿಹಾಸ ಗೊತ್ತಿದ್ದವರೇ ಹೇಳಬೇಕಾಯಿತು.

ಕಡತಪ್ರಿಯ:
ನಿಮ್ಮ ಜಲಾನಯನದ ಕಾಗದಪತ್ರವನ್ನೂ ಒಂದು ಲೇಯರ್ ಥರ ಇಟ್ಟುಕೊಳ್ಳಿ. 1987ರಲ್ಲಿ ಟರ್ಕಿ ಯೂಫ್ರಟಿಸ್‌ನಲ್ಲಿ ಸಿರಿಯಾ ಗಡಿಗೆ ವರ್ಷದ ಸರಾಸರಿ ಸೆಕೆಂಡಿಗೆ 500 ಘನ ಮೀಟರ್ ಬಿಡುವುದಾಗಿ ಒಪ್ಪಿತ್ತು. ಆಮೇಲೆ ಸಿರಿಯಾ–ಇರಾಕ್ ನಡುವೆ ಗಡಿಗೆ ಬಂದ ನೀರಿನಲ್ಲಿ 58 ಶೇಕಡ ಇರಾಕಿಗೆ, 42 ಸಿರಿಯಾಗೆ ಅಂತಾಯಿತು. ಮೂವರೂ ಕೂತು ಹಂಚಿಕೊಂಡ ಒಪ್ಪಂದ ಇಲ್ಲ. 1997ರ ವಿಶ್ವಸಂಸ್ಥೆ ಜಲಮಾರ್ಗ ಒಡಂಬಡಿಕೆಯ 9ನೇ ವಿಧಿ ಅಂಕಿಅಂಶಗಳನ್ನು ನಿಯಮಿತವಾಗಿ ಹಂಚಿಕೊಳ್ಳಿ ಅನ್ನುತ್ತದೆ. ಅದರ ವಿರುದ್ಧ ಮತ ಹಾಕಿದ್ದು ಮೂರೇ ದೇಶ: ಟರ್ಕಿ, ಚೀನಾ, ಬುರುಂಡಿ. ಮೂರೂ ಮೇಲಿನ ದೇಶಗಳು. ಇರಾಕ್ 2023ರಲ್ಲಿ ಇನ್ನೊಂದು ಒಡಂಬಡಿಕೆ, ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ (ಯುಎನ್‌ಇಸಿಇ) ಜಲ ಒಡಂಬಡಿಕೆ ಸೇರಿತು. ಆ ಭಾಗದಲ್ಲಿ ಅದೇ ಮೊದಲು. ನಿಮಗೆ ಅಂಕಿ ಯಾಕೆ ಸಿಗಲಿಲ್ಲ ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ.

ಮಳೆಬಿಲ್ಲು:
ಕೆಳಗಿನ ದೇಶದವರಿಗೆ ಬರೀ ಗೋಳೇನಾ ಹಾಗಾದರೆ?

ಪಿಕ್ಸೆಲ್:
ಬಾಂಗ್ಲಾದೇಶ ನೋಡಿ. ಗಂಗಾ, ಬ್ರಹ್ಮಪುತ್ರ, ಮೇಘನಾ ಜಲಾನಯನದ 90 ಶೇಕಡಕ್ಕಿಂತ ಜಾಸ್ತಿ ಭಾಗ ಅವರ ಗಡಿಯ ಹೊರಗೆ. ಪ್ರವಾಹ ಬರುವುದೂ ಹೊರಗಿಂದಲೇ. ಜೇಸನ್ ಥರದ ಅಲ್ಟಿಮೀಟರ್ ಉಪಗ್ರಹಗಳು ಮೇಲೆ ನದಿಯನ್ನು ದಾಟುವ ಜಾಗದಲ್ಲಿ ಮಟ್ಟ ಅಳೆಯುತ್ತವೆ. ಅದನ್ನು ಹಿಡಿದು ಕೆಳಗೆ ಎಷ್ಟೋ ದಿನ ಮೊದಲೇ ಮಟ್ಟ ಊಹಿಸಬಹುದು ಅಂತ 2011ರ ಹೊತ್ತಿಗೆ ತೋರಿಸಿದರು. ಆಮೇಲೆ ಅಲ್ಲಿನ ಪ್ರವಾಹ ಮುನ್ಸೂಚನೆ ಕೇಂದ್ರವೇ ಬಳಸತೊಡಗಿತು.

ತೂಬು:
ಇದು ನನಗೂ ಮೆಚ್ಚುಗೆ. ಈಗ ಹೊಳೆದಂಡೆ ಅವರಿಗೆ ಕೆಲಸಕ್ಕೆ ಬರುವ ಒಂದು ಸಲಹೆ. ಇಡೀ ಜಲಾನಯನ ಬಿಡಿ. ಟೈಗ್ರಿಸ್ ಮೇಲಿನ ಇಲಿಸು ಅಣೆಕಟ್ಟು ಒಂದನ್ನೇ ಹಿಡಿಯಿರಿ. ಅದು ತುಂಬಲು ಶುರುವಾದದ್ದು 2019ರ ಜುಲೈನಲ್ಲಿ. ಎಸ್‌ಆರ್‌ಟಿಎಂ ಅಳೆದದ್ದು 2000ದಲ್ಲಿ. ಅಂದರೆ ನಿಮ್ಮ ಡಿಇಎಂನಲ್ಲಿ ನೀರು ನಿಲ್ಲುವ ಮೊದಲಿನ ಕಣಿವೆ ಹಾಗೇ ಇದೆ! ಅಟಾಟುರ್ಕ್ ಅಣೆಕಟ್ಟಿಗೆ ಈ ಅನುಕೂಲ ಇಲ್ಲ. ಅದು 1990ರಲ್ಲೇ ತುಂಬತೊಡಗಿತ್ತು. ಆಗ ಯೂಫ್ರಟಿಸ್ ಹರಿವನ್ನು ಸುಮಾರು ಒಂದು ತಿಂಗಳು ತಡೆದು ದೊಡ್ಡ ಗಲಾಟೆಯೇ ಆಗಿತ್ತು. ಅಲ್ಲಿ ಡಿಇಎಂ ನೀರಿನ ಮೇಲ್ಮೈಯನ್ನೇ ಸಪಾಟಾಗಿ ತೋರಿಸುತ್ತದೆ.

ಪಿಕ್ಸೆಲ್:
ಇದು ಬಹಳ ಒಳ್ಳೆಯದು. ಮುಂದಿನದು ನಾನು ಹೇಳುತ್ತೇನೆ. ಸೆಂಟಿನೆಲ್–2 ಚಿತ್ರ 10 ಮೀಟರಿನದ್ದು, ಎರಡು ಉಪಗ್ರಹ ಸೇರಿ ಐದು ದಿನಕ್ಕೊಮ್ಮೆ. ನೀರಿನ ಅಂಚು ಎಳೆಯಿರಿ. ಚಳಿಗಾಲದಲ್ಲಿ ಮೋಡ ಇದ್ದರೆ ಸೆಂಟಿನೆಲ್–1 ರಾಡಾರ್. ಅಂಚನ್ನು ಡಿಇಎಂ ಮೇಲೆ ಇಟ್ಟರೆ ಮಟ್ಟ ಸಿಗುತ್ತದೆ, ಮಟ್ಟದಿಂದ ಘನ ಅಳತೆ. ಮಟ್ಟವನ್ನು ದಾಹಿತಿ (DAHITI) ಅಥವಾ ಹೈಡ್ರೋವೆಬ್ ಎಂಬ ಉಪಗ್ರಹ ನೀರಿನ ಮಟ್ಟದ ಡೇಟಾಬೇಸುಗಳ ಅಂಕಿ ಜೊತೆ ತಾಳೆ ನೋಡಿ. ಜಲಾಶಯದ ಪೂರ್ತಿ ಸಾಮರ್ಥ್ಯ 10.4 ಶತಕೋಟಿ ಘನ ಮೀಟರ್ ಅಂತ ಪ್ರಕಟವಾಗಿದೆ. ಮಟ್ಟಕ್ಕೆ ಎಷ್ಟು ಘನ ಅಳತೆ ಅನ್ನುವ ನಿಮ್ಮ ವಕ್ರರೇಖೆ ಅದಕ್ಕೆ ಎಷ್ಟು ಹತ್ತಿರ ಬರುತ್ತದೆ ಅನ್ನುವುದೇ ಮೊದಲ ಪರೀಕ್ಷೆ. ಇಥಿಯೋಪಿಯದ ನೈಲ್ ಅಣೆಕಟ್ಟು 2020ರಿಂದ ತುಂಬುವುದನ್ನೂ ಹೊರಗಿನವರು ಹೀಗೇ ಲೆಕ್ಕ ಹಾಕುತ್ತಾ ಬಂದರು.

ಸುಳಿಗಾಳಿ:
ಇದಕ್ಕೆ ನನ್ನ ತಕರಾರಿಲ್ಲ. "ಇಷ್ಟು ನೀರು ಇಲ್ಲಿ ನಿಂತಿತು" ಅನ್ನಿ, ಒಪ್ಪುತ್ತೇನೆ. "ಆದ್ದರಿಂದ ಕೆಳಗೆ ಇಷ್ಟು ಕಡಿಮೆಯಾಯಿತು" ಅಂದರೆ ಮಳೆ, ಹಿಮ, ಪಂಪು ಎಲ್ಲದರ ಲೆಕ್ಕ ಕೇಳುತ್ತೇನೆ.

ಹೊಳೆದಂಡೆ:
ಸರಿ, ಹಾಗೇ ಮಾಡುತ್ತೇನೆ. ಇಲಿಸು ಒಂದೇ, ಸಂಗ್ರಹ ಒಂದೇ. ಗೈಡ್ ಒಪ್ಪುತ್ತಾರೆ ಅಂದುಕೊಂಡಿದ್ದೇನೆ. ಎರಡು ಸಂದೇಹ. ಕಡಿದಾದ ಕಣಿವೆಗಳಲ್ಲಿ ಎಸ್‌ಆರ್‌ಟಿಎಂನಲ್ಲಿ ತೂತುಗಳಿವೆಯಲ್ಲ (ಎತ್ತರದ ಅಳತೆ ಸಿಗದ ಜಾಗ), ಏನು ಮಾಡಲಿ? ಕೆಳಗೆ ಇರಾಕಿನ ಮೊಸೂಲ್ ಜಲಾಶಯದ ಸಂಗ್ರಹವನ್ನೂ ಜೊತೆಗೆ ಇಟ್ಟರೆ ತಪ್ಪಾಗುತ್ತದಾ?

ಪದರಗಾರ:
ತೂತಿಗೆ ನಾಸಾಡೆಮ್ ನೋಡಿ. ಅದೇ 2000ದ ಡೇಟಾವನ್ನು ಮತ್ತೆ ಸಂಸ್ಕರಿಸಿ ತೂತು ತುಂಬಿದ್ದಾರೆ. ಕೋಪರ್ನಿಕಸ್ ಡಿಇಎಂ ಜೊತೆ ಬೆರೆಸಬೇಡಿ, ಆಧಾರ ಬೇರೆ ಅಂತ ಆಗಲೇ ಹೇಳಿದೆ.

ತೂಬು:
ಮೊಸೂಲ್ ಇಡಿ, ತಪ್ಪೇನಿಲ್ಲ. ಎರಡರ ನಡುವೆ ಬಂದು ಸೇರುವ ನೀರನ್ನು ಮಾತ್ರ ಮರೆಯಬೇಡಿ. ಖಾಬೂರ್ ನದಿ ಗಡಿಯಲ್ಲೇ ಟೈಗ್ರಿಸ್ ಸೇರುತ್ತದೆ. ಹಿಮ ಕರಗುವ ಕಾಲದಲ್ಲಿ ಅದರದ್ದು ಕಡಿಮೆ ನೀರಲ್ಲ.

ಮಳೆಬಿಲ್ಲು:
ಖಾಬೂರ್ ಸಿರಿಯಾದಲ್ಲಿ ಯೂಫ್ರಟಿಸ್ ಸೇರುತ್ತದೆ ಅಂತ ಓದಿದ ನೆನಪು?

ಕಡತಪ್ರಿಯ:
ಎರಡು ಖಾಬೂರ್ ಇವೆ. ಒಂದು ಸಿರಿಯಾದಲ್ಲಿ ಯೂಫ್ರಟಿಸ್‌ಗೆ, ಇನ್ನೊಂದು ಟರ್ಕಿಯಿಂದ ಇಳಿದು ಇರಾಕ್ ಗಡಿಯಲ್ಲಿ ಟೈಗ್ರಿಸ್‌ಗೆ.

ಪದರಗಾರ:
ಹಾಗಾದರೆ ಹೊಳೆದಂಡೆ ಅವರೇ, ಆಟ್ರಿಬ್ಯೂಟ್ ಟೇಬಲಿನಲ್ಲಿ (ನಕ್ಷೆಯ ಹಿಂದಿನ ಮಾಹಿತಿ ಪಟ್ಟಿ) ಹೆಸರು ಹಾಕಿ ಆಯ್ಕೆ ಮಾಡಬೇಡಿ, ಎರಡೂ ಬಂದು ಕೂರುತ್ತವೆ. ಉಪ ಜಲಾನಯನದ ಐಡಿ ಹಿಡಿದು ಆಯ್ಕೆ ಮಾಡಿ.